ಗುಡುಗುಮಲ್ಲನ ಎದೆಗುರುತು

ಪುತ್ತೂರಿನ ದರ್ಬೆಯ ರಸ್ತೆಯಲ್ಲಿ ನಡೆಯುವಾಗ ಹೈದರ್ ತಾನು ಬರೆದ ಬೋರ್ಡುಗಳ ಕಡೆ ತಲೆಯೆತ್ತಿ ನೋಡುತ್ತಿರಲಿಲ್ಲ. ನೋಡದೆ ಹೋಗುವುದೇ ದೊಡ್ಡಸ್ತಿಕೆ ಎಂದು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದ. ಸೋಡಾ ಅಂಗಡಿಯದ್ದು, ದರ್ಜಿಯದ್ದು, ಹಲ್ಲು ಕೀಳುವ ಡಾಕ್ಟರರದ್ದು, ಬಾಡಿಗೆ ಸೈಕಲಿನದ್ದು, ಎಲ್ಲವೂ ಅವನ ಕೈಯ ಅಕ್ಷರಗಳೇ. ಊರು ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದ ವರ್ಷ, ಬೋರ್ಡಿನ ಕೆಳಗೆ ರಾಜ್ಯದ ಹೆಸರಿದ್ದ ಸಾಲು ಮಾತ್ರ ತಿದ್ದಿಸಲು ಬಂದವರಿಗೆ ಮೇಲಿನ ಸಾಲನ್ನೂ ಕೇಳದೆ ಹೊಸದಾಗಿ ಬರೆದುಕೊಟ್ಟಿದ್ದ. ಹಳೆಯದನ್ನು ಕಣ್ಣಿಂದ ನೋಡಲಾಗುತ್ತಿರಲಿಲ್ಲ, ಅಷ್ಟೇ. ಓಡುವ ಬಸ್ಸಿನ ಕಿಟಕಿಯಲ್ಲಿ ಕೂತವನು, ತೊಡೆಯ ಮೇಲೆ ಮಗುವನ್ನು ಹಿಡಿದು, ಬಾಯಿ ತುಂಬ ವೀಳ್ಯ ತುಂಬಿಕೊಂಡು, ಅರೆನಿದ್ದೆಯಲ್ಲಿ ಒಮ್ಮೆ ಹೊರಗೆ ನೋಡಿದರೂ ಸಾಕು, ಬರೆದದ್ದು ಅವನ ಕಣ್ಣಿಗೆ ಹೊಡೆಯಬೇಕು. ಇದು ಹೈದರನ ಶಾಸ್ತ್ರ. ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ, ಕಲಿಸಿದ್ದೇನೆಂದು ಹೇಳಿಕೊಳ್ಳುವ ಗುರುವೂ ಇರಲಿಲ್ಲ, ಅದರ ಹೆಮ್ಮೆಯೇ ಬೇರೆ. ಇವತ್ತು ಬಗಲಲ್ಲಿ ಸುರುಳಿ ಸುತ್ತಿದ ಡ್ರಾಯಿಂಗ್ ಹಾಳೆ ಇತ್ತು. ಬಿಸಿಲಿಗೆ ಬೆವತರೆ ಹಾಳೆಗೆ ತಾಗೀತೆಂದು ತೋಳನ್ನು ಸ್ವಲ್ಪ ದೂರವಿಟ್ಟುಕೊಂಡು, ಕಂಕುಳಲ್ಲಿ ಕುರುವಾದವನ ಹಾಗೆ ನಡೆಯುತ್ತಿದ್ದ. ಅಡಿಕೆ ಮಂಡಿಗಳ ಸಾಲು ಬಂದಾಗ ರೂಢಿಯಂತೆ ರಸ್ತೆ ದಾಟಿ ಆಚೆ ಬದಿಗೆ ಹೋದ. ಅಲ್ಲಿ ಅವನ ಮಾಮ, ತಾಯಿಯ ಅಣ್ಣ ಕುಂಞಿ ಮೋನು ಸಾವ್ಕಾರರ ಮಂಡಿ ಇತ್ತು. ಮಾಮನ ಕಣ್ಣಿಗೆ ಪೊರೆ ಬಂದು ಮಂಜಾಗಿದೆ, ಒಮ್ಮೆ ಹೋಗಿ ಮಾತಾಡಿಸಿ ಬಾ ಎಂದು ಉಮ್ಮ ಹೇಳಿಹೇಳಿ ಸೋತಿದ್ದಳು. ಕಣ್ಣು ಕಾಣದವರ ಎದುರಿನಿಂದ ತಪ್ಪಿಸಿಕೊಳ್ಳಲು ರಸ್ತೆ ಯಾಕೆ ದಾಟಬೇಕು ಎಂದು ತನ್ನಷ್ಟಕ್ಕೆ ಕೇಳಿಕೊಂಡ. ಆದರೂ ದಾಟಿದ.

ಹಾಳೆಯಲ್ಲಿದ್ದದ್ದು ಒಂದು ಗುರುತು. ಪ್ರೆಸ್ಸಿನ ಯಜ್ಞೇಶ್ವರ ಭಟ್ಟರು ಮದುವೆ ಕಾಗದ, ಯಕ್ಷಗಾನ ಆಟದ ನೋಟೀಸು ಅಚ್ಚು ಹಾಕಿ ಹಾಕಿ ಬೇಸತ್ತು ಈಗ ಮಕ್ಕಳ ಮಾಸಪತ್ರಿಕೆ ಹೊರಡಿಸುವ ಹುಚ್ಚಿಗೆ ಬಿದ್ದಿದ್ದರು. ಅದರಲ್ಲಿ ತಿಂಗಳು ತಿಂಗಳು ಒಂದು ಚಿತ್ರಕಥೆ. ಕಥೆ ಭಟ್ಟರದ್ದೇ. ನಾಯಕನ ಹೆಸರು ಗುಡುಗುಮಲ್ಲ. ಸಾಧಾರಣ ಹೊತ್ತಿನಲ್ಲಿ ಪಂಜದ ಕಡೆ ಟಪಾಲು ಹಂಚಿಕೊಂಡಿರುವ ಬಡಪಾಯಿ, ಯಾರಿಗಾದರೂ ಕಷ್ಟ ಬಂದರೆ ಟಪಾಲು ಚೀಲವನ್ನು ಕಟ್ಟೆಯ ಮೇಲಿಟ್ಟು ಹಾರಿಬಿಡುತ್ತಾನೆ. ಚಿತ್ರ ಬರೆದವರು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು ರಾಮಪ್ರಸಾದರು. ಮೈಕಟ್ಟು, ಮೀಸೆ, ಮುಷ್ಟಿ ಎಲ್ಲ ಲಾಯಕ್ಕಾಗಿಯೇ ಬಂದಿತ್ತು. ಆದರೆ ಎದೆಯ ಮೇಲೆ ಮಾಸ್ತರರು ಸೂರ್ಯನನ್ನೂ ಸಿಂಹವನ್ನೂ ಶಂಖವನ್ನೂ ತಾವರೆಯನ್ನೂ ಒಟ್ಟಿಗೆ ಕೂರಿಸಿದ್ದರು. ದೊಡ್ಡ ಚಿತ್ರದಲ್ಲಿ ಹೇಗೋ ಆಗುತ್ತಿತ್ತು. ಪುಟಕ್ಕೆ ಆರು ಚೌಕ ಮಾಡಿ ಮನುಷ್ಯ ಹೆಬ್ಬೆರಳಿನಷ್ಟಾದಾಗ ಎದೆಯ ಮೇಲೆ ಮೇಲೋಗರ ಚೆಲ್ಲಿದ ಹಾಗೆ ಕಾಣುತ್ತಿತ್ತು. ಹಾಗೆಂದು ಹೈದರ್ ಪ್ರೆಸ್ಸಿನಲ್ಲಿ ಎಲ್ಲರ ಮುಂದೆಯೇ ಹೇಳಿಬಿಟ್ಟಿದ್ದ. ‘ಹಾಗಾದ್ರೆ ನೀನೇ ಒಂದು ಮಾಡಿ ತಾ ಮಾರಾಯ’ ಎಂದಿದ್ದರು ಭಟ್ಟರು. ಬಾಯಿ ಬಿಟ್ಟ ತಪ್ಪಿಗೆ ಕೆಲಸ ತಲೆಗೆ ಬಂದಿತ್ತು, ಬಂದದ್ದಕ್ಕೆ ಅವನಿಗೆ ಬಹಳ ಖುಷಿಯಾಗಿತ್ತು.

ಹಾರುವವನ ಎದೆಯ ಗುರುತು ಅಂದರೆ ಅಂಗಡಿಯ ಬೋರ್ಡಲ್ಲ. ಬೋರ್ಡು ನಿಂತಲ್ಲೇ ನಿಂತಿರುತ್ತದೆ, ನೋಡುವವರು ಓಡುತ್ತಾರೆ. ಇಲ್ಲಿ ಓಡುವುದು ಬೋರ್ಡೇ. ಅಡ್ಡ ಹಾರುತ್ತಾನೆ, ತಲೆಕೆಳಗಾಗಿ ಧುಮುಕುತ್ತಾನೆ, ಅರ್ಧ ಮೈ ಮೋಡದೊಳಗಿರುತ್ತದೆ. ಏನಾದರೂ ಆಗಲಿ, ಎದೆಯ ಒಂದು ಮೂಲೆ ಕಂಡರೂ ಮಕ್ಕಳು ‘ಹೋ, ಅವನು ಬಂದ’ ಎನ್ನಬೇಕು. ಅಕ್ಷರ ಹಾಕಿದರೆ ಓದು ಬಾರದ ಮಗು ಏನು ಮಾಡೀತು? ಹುಲಿ ಸಿಂಹ ಹಾಕಿದರೆ ಅದನ್ನು ಬರೆಯಲು ಇನ್ನೊಬ್ಬ ರಾಮಪ್ರಸಾದರು ಬೇಕು. ನಾಲ್ಕು ಗೆರೆಯಲ್ಲಿ ಮುಗಿಯಬೇಕು. ಮಕ್ಕಳು ಇದ್ದಲಿನಲ್ಲಿ ಶಾಲೆಯ ಗೋಡೆಗೆ ಗೀಚಿ ಮಾಸ್ತರರಿಂದ ಏಟು ತಿನ್ನಬೇಕು, ಆಗ ಗೆದ್ದಂತೆ. ಇಷ್ಟೆಲ್ಲ ಯೋಚಿಸಿ ಎಷ್ಟೋ ಹಾಳೆ ಹರಿದ ಮೇಲೆ, ಒಂದು ಮಧ್ಯಾಹ್ನ ಊಟ ಮಾಡಿ ಸುಮ್ಮನೆ ಕೂತಿದ್ದಾಗ, ಕೈ ತಾನಾಗಿ ಎದ್ದು ಬರೆದುಬಿಟ್ಟಿತು: ಒಂದು ಬಳೆ, ಬಳೆಯೊಳಗೆ ಮೂರು ಸಲ ಮುರಿದು ಇಳಿಯುವ ಮಿಂಚಿನ ಗೆರೆ. ಬಳೆ ಪೂರ್ತಿಯಲ್ಲ, ಮೇಲೆ ಬಲಕ್ಕೊಂದು, ಕೆಳಗೆ ನಡುವಿನಿಂದ ತುಸು ಸರಿದು ಇನ್ನೊಂದು, ಎರಡು ಕಡೆ ಕಡಿದಿತ್ತು. ಆ ಎರಡು ಕಡಿತಗಳನ್ನು ನೋಡಿ ಅವನಿಗೇ ಮೈ ಜುಂ ಎಂದಿತು. ಎದುರುಬದುರು ಇದ್ದಿದ್ದರೆ ಗುರುತು ಸತ್ತುಹೋಗುತ್ತಿತ್ತು. ಓರೆಯಾಗಿ ಇದ್ದುದರಿಂದ ಬಳೆ ತಿರುಗುತ್ತಿದೆಯೋ, ಈಗ ಹಾರಿಹೋಗುತ್ತದೆಯೋ ಎಂಬಂತೆ ಕಾಣುತ್ತಿತ್ತು. ಉಮ್ಮ, ನಫೀಸಮ್ಮ, ಹಿಂದಿನಿಂದ ಬಂದು ಬಗ್ಗಿ ನೋಡಿದಳು. ‘ಕಣ್ಣು ಇಲ್ಲ ಅಲ್ವಾ ಮೋನೆ ಅದಕ್ಕೆ?’ ಎಂದಳು. ಜೀವ ಇರುವುದನ್ನು ಬರೆದವನಿಗೆ ಲೋಕದ ಕೊನೆಯ ದಿನ ಅದಕ್ಕೆ ಜೀವ ಕೊಡು ಎಂದು ಹೇಳಲಾಗುತ್ತದೆ, ಕೊಡಲು ಆಗುವುದಿಲ್ಲ ಎಂಬ ಹೆದರಿಕೆ ಅವಳದ್ದು. ಬೋರ್ಡಿನ ಮೂಲೆಯಲ್ಲಿ ಕೋಳಿ ಬರೆಯಿರಿ ಎಂದವರಿಗೂ ಹೈದರ್ ‘ಕೋಳಿ’ ಎಂದು ಅಕ್ಷರದಲ್ಲೇ ಬರೆದುಕೊಟ್ಟಿದ್ದ. ‘ಕಣ್ಣಿಲ್ಲ ಉಮ್ಮ, ಗೆರೆ ಮಾತ್ರ’ ಎಂದ. ಅವಳು ಇನ್ನೂ ಸ್ವಲ್ಪ ಹೊತ್ತು ನೋಡಿ, ಏನೋ ಹೇಳಲು ಬಾಯಿ ತೆರೆದು, ಒಲೆಯ ಮೇಲೆ ಹಾಲು ಉಕ್ಕಿದ ವಾಸನೆಗೆ ಒಳಗೆ ಓಡಿದ್ದಳು.

ಪ್ರೆಸ್ಸಿನ ಮೇಜಿನ ಮೇಲೆ ಹಾಳೆ ಬಿಡಿಸಿ, ನಾಲ್ಕು ಮೂಲೆಗೆ ಸೀಸದ ಅಚ್ಚಿನ ತುಂಡುಗಳನ್ನಿಟ್ಟು, ಹೈದರ್ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಭಟ್ಟರು ಕನ್ನಡಕ ಹಣೆಗೇರಿಸಿ ನೋಡಿದರು, ಇಳಿಸಿ ನೋಡಿದರು, ಬಾಗಿಲವರೆಗೆ ಹೋಗಿ ಅಲ್ಲಿಂದ ನೋಡಿದರು.

‘ಭಾರೀ ಉಂಟು ಮಾರಾಯ!’ ಎಂದರು. ‘ದೂರಕ್ಕೂ ಬಡಿತದೆ. ಆ ಬಳೆ ಕಡಿದದ್ದು ಎಂತಕ್ಕೆ?’

‘ಅದೇ ಭಟ್ರೆ ಜೀವ ಇದಕ್ಕೆ. ಅದು ಎಷ್ಟು ಹುಡುಕಿದ್ರೂ ಸಿಕ್ಕುದಲ್ಲ, ಬರಬೇಕು.’ ಹೀಗೆ ಹೇಳುವಾಗ ಹೈದರ್ ಕಣ್ಣಂಚಿನಲ್ಲಿ ರಾಮಪ್ರಸಾದರನ್ನು ನೋಡಿದ. ಮಾಸ್ತರರು ಕಿಟಕಿಯ ಬಳಿ ಕೂತು ಉಗುರು ನೋಡಿಕೊಳ್ಳುತ್ತಿದ್ದರು.

ಆಗ ಒಳಗಿನಿಂದ ಅಚ್ಚುಮೊಳೆ ಜೋಡಿಸುವ ಮಹಾಲಿಂಗ ಕೈ ಒರೆಸಿಕೊಳ್ಳುತ್ತ ಬಂದ. ಮೇಜಿನತ್ತ ನೋಡಿದವನೇ, ‘ಇದೆಂತ, ಬಳೆಮಾರ್ಕಲ್ವಾ?’ ಎಂದ. ‘ಕುಂಞಿ ಮೋನು ಸಾವ್ಕಾರ್ರ ಅಡಿಕೆ ಗೋಣಿದು. ನನ್ನ ಭಾವ ದಿನಾ ಲಾರಿಗೆ ಹೊರುದು ಇದನ್ನೇ. ಇದೇ ಬಳೆ, ಇದೇ ಗೆರೆ. ಇಲ್ಲಿ ಕಡಿದದ್ದು ಸಮೇತ ಉಂಟು.’ ಅವನ ಮಾತಿನಲ್ಲಿ ಕುಹಕ ಇರಲಿಲ್ಲ, ಪರಿಚಯದವರನ್ನು ಪೇಟೆಯಲ್ಲಿ ಕಂಡ ಸಂತೋಷ ಮಾತ್ರ ಇತ್ತು. ಅದೇ ಕೆಟ್ಟದ್ದಾಯಿತು. ರಾಮಪ್ರಸಾದರು ಉಗುರು ಬಿಟ್ಟು ತಲೆಯೆತ್ತಿದರು. ‘ಗುಡುಗುಮಲ್ಲನ ಹೊಟ್ಟೆಯೊಳಗೆ ಹಳೆ ಅಡಿಕೆಯೋ ಹೊಸ ಅಡಿಕೆಯೋ ಹೈದರೇ?’ ಎಂದು ಕೇಳಿದರು. ಭಟ್ಟರಿಗೂ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಅವರ ಮುಖ ಸಣ್ಣದಾಯಿತು. ‘ನೋಡು ಹೈದರ್, ಹೊರಗಿನವರಿಗೆ ಗೊತ್ತಾಗ್ಲಿಕ್ಕಿಲ್ಲ. ಆದ್ರೆ ಪುತ್ತೂರಲ್ಲಿ ಇದನ್ನು ನೋಡದವ ಯಾರಿದ್ದಾನೆ? ನಾಳೆ ಸಾವ್ಕಾರ್ರು ನಮ್ಮ ಮಾರ್ಕು ಯಾಕೆ ಹಾಕಿದ್ದು ಕೇಳಿದ್ರೆ ನಾನೆಂತ ಹೇಳುದು? ಅಚ್ಚಿನ ಬ್ಲಾಕು ಮಾಡಿಸ್ಲಿಕ್ಕೆ ಸಂಜೆ ಬಸ್ಸಲ್ಲಿ ಮಂಗಳೂರಿಗೆ ಹೋಗ್ಲೇಬೇಕು. ಅಷ್ಟರೊಳಗೆ ಬೇರೆ ಮಾಡು, ಇಲ್ಲಾಂದ್ರೆ ಅವರನ್ನು ಕೇಳಿ ಬಾ. ಎರಡೂ ಆಗದಿದ್ರೆ ಮಾಸ್ತರ್ರದ್ದೇ ಹೋಗ್ತದೆ.’

ಹೈದರ್ ತನ್ನ ಅಂಗಡಿಗೆ ಬಂದು ಬಾಗಿಲು ಅರ್ಧ ಎಳೆದುಕೊಂಡು ಕೂತ. ಕಿವಿ ಇನ್ನೂ ಬಿಸಿಯಾಗಿತ್ತು. ಇದು ಹೊಸ ಬಿಸಿಯಲ್ಲ. ಅಂದು ಮಾಮನ ಮಂಡಿಯಲ್ಲೂ ಇದೇ ಕಿವಿ, ಇದೇ ಎಡಗಡೆಯದ್ದು, ಹಮಾಲಿಗಳೆಲ್ಲ ಗೋಣಿ ಇಳಿಸಿ ನೋಡುತ್ತಿದ್ದಾರೆ, ಮಾಮನ ಅಂಗೈ ಇಷ್ಟು ಅಗಲ. ಕೆಳಗೆ ತಗಡು ಬಿದ್ದಿದೆ. ಮಂಡಿಗೆ ಆಗಷ್ಟೇ ಒಂದು ಮಾರ್ಕು ಗೊತ್ತುಮಾಡಿದ್ದರು, ಗೋಣಿಗೆ ಅದನ್ನು ಹೊಡೆಯಲು ತಗಡಿನಲ್ಲಿ ತೂತು ಕೊರೆದ ಅಚ್ಚು ಬೇಕು. ಅದರ ಮೇಲೆ ಮಸಿ ಒರೆಸಿದರೆ ಕೆಳಗೆ ಗುರುತು ಬೀಳುತ್ತದೆ. ಮಸೀದಿ ಬೀದಿಯ ತಗಡು ಕೆಲಸದವನಿಗೆ ಜ್ವರ ಎಂದು ಹೈದರ್ ತಾನೇ ಮಾಡುತ್ತೇನೆ ಎಂದಿದ್ದ. ಆಗ ಇನ್ನೂ ಮೀಸೆ ಮೂಡಿರಲಿಲ್ಲ, ಬಾಪ ತೀರಿಕೊಂಡು ಉಮ್ಮನೊಂದಿಗೆ ಮಾಮನ ಮನೆಯಲ್ಲಿ ಇದ್ದ ಕಾಲ. ಬಳೆಯನ್ನು ಸುತ್ತಲೂ ಚೊಕ್ಕವಾಗಿ, ಒಂದು ಕೂದಲೆಳೆ ಆಚೀಚೆ ಆಗದಂತೆ ಕೊರೆದ. ಎತ್ತಿ ತೋರಿಸಿದಾಗ ನಡುವಿನ ಬಿಲ್ಲೆ ಟಣ್ ಎಂದು ಮಾಮನ ಕಾಲ ಬುಡಕ್ಕೆ ಬಿತ್ತು. ಸುತ್ತ ಪೂರ್ತಿ ಕೊರೆದರೆ ನಡುವಿನದು ಯಾವುದಕ್ಕೆ ಅಂಟಿಕೊಂಡಿರಬೇಕು? ಹಮಾಲಿಗಳು ನಕ್ಕರು. ಆಮೇಲೆ ಅಂಗೈ. ‘ಗೋಣಿಗೆ ಮಸಿ ಬಳಿಲಿಕ್ಕೂ ಲಾಯಕ್ಕಿಲ್ಲ ನಿನ್ನ ಕೈ.’ ಅದರ ಮೇಲೆ ಏನಾಯಿತೋ ನೆನಪಿಲ್ಲ. ವರ್ಷಗಟ್ಟಲೆ ಆ ಮಂಡಿಯಲ್ಲಿ ದೀಪದ ಮಸಿಯನ್ನು ಸೀಮೆಎಣ್ಣೆಯಲ್ಲಿ ಕಲಸಿ, ಯಾರೋ ಮಾಡಿದ ತಗಡನ್ನು ಒತ್ತಿ ಹಿಡಿದು, ಗೋಣಿಯ ಮೇಲೆ ಗೋಣಿ, ಬಳೆಯ ಮೇಲೆ ಬಳೆ ಹೊಡೆದದ್ದು ಮಾತ್ರ ತೋಳಿಗೆ ನೆನಪುಂಟು. ಮೀಸೆ ಬಂದ ಮೇಲೆ ಒಂದು ದಿನ ಹೇಳದೆ ಕೇಳದೆ ಬಿಟ್ಟುಬಂದಿದ್ದ, ಇನ್ನು ಆ ಮಾರ್ಕನ್ನು ಕೈಯಿಂದ ಮುಟ್ಟುವುದಿಲ್ಲ ಎಂದು ಆಣೆ ಹಾಕಿಕೊಂಡು. ಮುಟ್ಟದೆ ಏನು? ಕೈಯೊಳಗೇ ಕೂತಿತ್ತು.

ಹೊಸ ಹಾಳೆ ತೆಗೆದ. ಮುಷ್ಟಿ ಬರೆದ, ಹಲಸಿನಕಾಯಿಯ ಹಾಗಾಯಿತು. ಮೋಡ ಬರೆದ, ಇಡ್ಲಿಯ ಹಾಗಾಯಿತು. ಬರೇ ಮಿಂಚು ಬರೆದ; ಕರೆಂಟು ಕಂಬಕ್ಕೆ ಬಡಿಯುವ ಅಪಾಯದ ಫಲಕದ ಹಾಗೆ ಕಂಡು, ಮಕ್ಕಳು ಹತ್ತಿರವೂ ಬಾರರು ಎನಿಸಿತು. ಕೊನೆಗೆ ತನ್ನ ಬಳೆಯನ್ನೇ ಮತ್ತೆ ಬರೆದು ಎರಡು ಕಡಿತಗಳನ್ನೂ ಮುಚ್ಚಿ ನೋಡಿದ. ಪಾತ್ರೆಯ ಮುಚ್ಚಳ. ಜೀವ ಅಲ್ಲೇ ಇತ್ತು, ಆ ಎರಡು ಕಡಿತಗಳಲ್ಲಿ. ಮತ್ತು ಅವು ಅವನವಲ್ಲ. ನಡುವಿನ ಬಿಲ್ಲೆ ಬೀಳದ ಹಾಗೆ ಯಾವನೋ ತಗಡಿನವನು ಕೊರೆಯದೆ ಬಿಟ್ಟ ಕೊಂಡಿ, ಗೋಣಿಗೆ ಮಸಿ ತಾಗದ ಜಾಗ. ಅದನ್ನೇ ಅವನು ಭಟ್ಟರ ಮುಂದೆ ಎದೆಯುಬ್ಬಿಸಿ, ಬರಬೇಕು, ಹುಡುಕಿದರೆ ಸಿಗುವುದಲ್ಲ ಎಂದು ಕೊಚ್ಚಿಕೊಂಡದ್ದು. ನಾಚಿಕೆಯಿಂದ ಅವನಿಗೆ ಒಂಟಿಯಾಗಿ ಕೂತಲ್ಲೇ ನಗು ಬಂತು. ಊರ ತುಂಬ ಇರುವ ಬೋರ್ಡುಗಳಲ್ಲಿ ಯಾವುದು ತನ್ನದು, ಯಾವುದು ಇನ್ಯಾರದೋ ತಗಡಿನದು? ಹೀಗೆ ಕೇಳಿಕೊಂಡ ಮೇಲೆ ಕೂತಿರಲು ಆಗಲಿಲ್ಲ. ಪ್ರೆಸ್ಸಿಗೆ ಒಯ್ದಿದ್ದ ಹಾಳೆಯನ್ನೇ ಸುತ್ತಿಕೊಂಡು ಹೊರಟ. ಈ ಸಲ ರಸ್ತೆ ದಾಟಲಿಲ್ಲ.

ಮಂಡಿಯ ಒಳಗೆ ಗೋಣಿಗಳನ್ನು ಹೆಂಚಿನ ಮಾಡಿನವರೆಗೆ ಪೇರಿಸಿದ್ದರು. ಪ್ರತಿಯೊಂದರ ಹೊಟ್ಟೆಯ ಮೇಲೂ ಅವನ ಗುಡುಗುಮಲ್ಲ. ಅಡ್ಡ ಮಲಗಿದ್ದು, ಬುಡಮೇಲಾದದ್ದು, ಇನ್ನೊಂದರ ಅಡಿಯಲ್ಲಿ ಅರ್ಧ ಮುಚ್ಚಿಹೋದದ್ದು. ಯಾವುದು ಹೇಗಿದ್ದರೂ ಕತ್ತಲಿನಲ್ಲಿ ಥಟ್ಟನೆ ಗುರುತು ಸಿಗುತ್ತಿತ್ತು. ನಾಚಿಕೆಯ ನಡುವೆಯೂ ಕಸುಬುಗಾರನ ಕಣ್ಣು ಮೆಚ್ಚದೆ ಇರಲಿಲ್ಲ. ಕುಂಞಿ ಮೋನು ಸಾವ್ಕಾರರು ಗಾದಿಯ ಮೇಲೆ ಕೂತು ಒಂದು ಅಡಿಕೆಯನ್ನು ಬೆರಳಲ್ಲಿ ಉರುಳಿಸುತ್ತಿದ್ದರು.

‘ಟರ್ಪೆಂಟೈನ್ ವಾಸನೆ ಬಂತು. ಹೈದರಾ?’

‘ಹೌದು ಮಾಮ.’

‘ಎಂತ, ನನ್ನ ಬೋರ್ಡು ಬರಿಲಿಕ್ಕೆ ಬಂದದ್ದಾ? ಬೇಡ. ನನಗೆ ಕಾಣುದಿಲ್ಲ, ಬಾಕಿಯವರಿಗೆ ನಾನು ಗೊತ್ತುಂಟು.’

ಹೈದರ್ ನಿಂತುಕೊಂಡೇ ಹೇಳಿದ. ಭಟ್ಟರ ಪತ್ರಿಕೆ, ಹಾರುವ ಮನುಷ್ಯ, ಎದೆಯ ಗುರುತು. ಸಾವ್ಕಾರರು ಅಡಿಕೆ ಉರುಳಿಸುವುದನ್ನು ನಿಲ್ಲಿಸಿ ಕೇಳಿದರು.

‘ಅವನಿಗೆ ಎಂತ ಕೆಲಸ?’

‘ಕಷ್ಟದಲ್ಲಿ ಇದ್ದವರನ್ನು ಹಾರಿ ಬಂದು ಎತ್ತುದು.’

‘ಕೂಲಿ ಉಂಟಾ?’

‘ಇಲ್ಲ.’

‘ಮತ್ತೆ ನಮ್ಮ ಮಾರ್ಕು ಯಾಕೆ ಅವನಿಗೆ?’

‘ನನ್ನದು ಅಂತಲೇ ಬರೆದದ್ದು ಮಾಮ. ಬರೆದು ಮುಗಿದ ಮೇಲೆ ನಿಮ್ಮದಾಗಿತ್ತು.’ ಹೇಳಬೇಕಾದದ್ದು ಇಷ್ಟೇ ಆಗಿತ್ತು, ಇಷ್ಟಕ್ಕೆ ಎಷ್ಟು ವರ್ಷ ರಸ್ತೆ ದಾಟಿದ್ದೇನೆ ಎನಿಸಿತು.

‘ನನ್ನದು ಹೇಗೆ?’ ಸಾವ್ಕಾರರು ಮುಖ ಈಚೆ ತಿರುಗಿಸಿದರು. ‘ಬಳೆ ಕಡಿದುಂಟಾ ನಿನ್ನದರಲ್ಲಿ?’

‘ಉಂಟು. ಎರಡು ಕಡೆ.’

‘ನೇರಕ್ಕೆ ನೇರವಾ, ಓರೆಯಾ?’

‘ಓರೆ.’

ಸಾವ್ಕಾರರು ನಗಲು ಶುರುಮಾಡಿದರು. ನಕ್ಕು ನಕ್ಕು ಕೆಮ್ಮು ಬಂತು, ಕೆಮ್ಮಿ ಕಣ್ಣಲ್ಲಿ ನೀರು ಬಂತು. ‘ನಿನಗೆ ನೆನಪಿಲ್ವಾ? ನಾನು ಹೊಡೆದ ಮೇಲೆ ನೀನು ಆ ಮೂಲೆಗೆ ಹೋಗಿ ಇನ್ನೊಂದು ತಗಡು ಕಡಿದೆ. ಅಳ್ತಾ ಅಳ್ತಾ ಕಡಿದದ್ದು. ಬಿಲ್ಲೆ ಬೀಳಬಾರದು ಅಂತ ಸಿಕ್ಕಿದಲ್ಲಿ ಎರಡು ಕೊಂಡಿ ಬಿಟ್ಟೆ, ಒಂದು ಅಲ್ಲಿ, ಒಂದು ಇಲ್ಲಿ, ಕುಡಿದವನ ಹಾಗೆ. ಹೊತ್ತಾಗಿತ್ತು, ಲಾರಿ ನಿಂತಿತ್ತು, ಮಾರ್ಕಿನ ಮೊದಲ ಲೋಡು ಆ ತಗಡಲ್ಲೇ ಹೊಡೆದು ಕಳಿಸಿದೆ. ಆಮೇಲೆ ತಗಡಿನವನ ಹತ್ರ ಚಂದ ಮಾಡಿಸಿದೆ, ನೇರಕ್ಕೆ ನೇರ. ಬೊಂಬಾಯಿಯವರು ಮಾಲು ಇಳಿಸ್ಲಿಕ್ಕೆ ಒಪ್ಪಲಿಲ್ಲ. ಇದು ಕುಂಞಿ ಮೋನುವಿನ ಗೋಣಿ ಅಲ್ಲ, ಯಾರೋ ನಕಲು ಮಾಡಿದ್ದಾರೆ ಅಂತ. ಮತ್ತೆಂತ ಮಾಡುದು? ನಿನ್ನ ಓರೆ ತಗಡನ್ನೇ ಎದುರಿಗಿಟ್ಟು ಅದೇ ಓರೆ ಮಾಡಿಸಿದೆ. ಇವತ್ತಿನವರೆಗೆ ಅದೇ.’

ಹೈದರ್ ಗೋಣಿಗಳ ಕಡೆ ನೋಡಿದ. ಮೂಲೆ ಕಣ್ಣಿಗೆ ಬಂತು, ಮೂಗಿನ ನೀರು ತುಟಿಗೆ ಇಳಿದ ಉಪ್ಪು ಬಂತು, ಬೆರಳಿಗೆ ತಗಡು ಕಚ್ಚಿದ್ದು ಬಂತು. ಏಟನ್ನು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡು ಕೆಲಸವನ್ನು ಎಲ್ಲೋ ಬಿಸಾಡಿಬಿಟ್ಟಿದ್ದ. ಮೊದಲು ಬಂದದ್ದು ಸಿಟ್ಟು.

‘ಒಂದು ದಿನ ಆದ್ರೂ ಹೇಳಬಹುದಿತ್ತಲ್ಲ ಮಾಮ!’

‘ಹೇಳಿದ್ರೆ ನಿನ್ನ ತಲೆ ಮಾಡಿಗೆ ತಾಗ್ತಿತ್ತು. ಈಗಲೇ ಏನು ಕಡಿಮೆ ಇಲ್ಲ ಅಂತ ನಫೀಸ ಹೇಳ್ತಾಳೆ.’ ಅಡಿಕೆಯನ್ನು ಗಾದಿಯ ಮೇಲಿಟ್ಟು, ‘ಹೇಳಬೇಕಿತ್ತು’ ಎಂದರು.

ಸಿಟ್ಟು ಎಷ್ಟು ಬೇಗ ಬಂದಿತ್ತೋ ಅಷ್ಟೇ ಬೇಗ ಇಳಿಯಿತು. ಅದರ ಜಾಗಕ್ಕೆ ಬಂದ ಸಂತೋಷವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ತನ್ನದು ತನ್ನದೇ ಆಗಿತ್ತು. ಹೆದರಿದ, ಅಳುತ್ತಿದ್ದ, ಏನೂ ಗೊತ್ತಿಲ್ಲದ ಕೈಯದ್ದು, ಆದರೂ ತನ್ನದೇ. ರಾಮಪ್ರಸಾದರು ಇನ್ನು ಏನು ಬೇಕಾದರೂ ನಗಲಿ. ಆದರೆ ತನ್ನದು ಎಂದ ಮೇಲೆ, ಗೋಣಿಯ ಮೇಲಿದ್ದುದನ್ನೇ ಎತ್ತಿ ಹಾರುವವನ ಎದೆಗೆ ಹಚ್ಚುವುದು ಸೋಮಾರಿತನ. ಗೋಣಿ ಕೂತಲ್ಲಿ ಕೂತಿರುತ್ತದೆ, ಅದರ ಗೆರೆ ಬಳೆಯೊಳಗೆ ಇದ್ದರೆ ಸಾಕು. ಇವನಿಗೆ ಸಾಲದು. ಹೈದರ್ ಹಾಳೆಯನ್ನು ಗಾದಿಯ ಮೇಲೆ ಬಿಡಿಸಿದ. ಮೂಲೆಯಲ್ಲಿ ಕರಟದ ತುಂಬ ಮಸಿ ಇತ್ತು, ಅದೇ ಹಳೆಯ ಸೀಮೆಎಣ್ಣೆಯ ವಾಸನೆ. ಪಕ್ಕದಲ್ಲಿದ್ದ ಬ್ರಶ್ಶನ್ನು ಅದರಲ್ಲಿ ಅದ್ದಿದ. ಮಿಂಚು ಬಳೆಯ ಒಳಗೆ ಮುಗಿಯುವಲ್ಲಿಂದ ಹಿಡಿದು, ಕೆಳಗಿನ ಕಡಿತದ ಮೂಲಕ, ಬಳೆಯಿಂದ ಆಚೆಗೆ ಒಂದೇ ಎಳೆತಕ್ಕೆ ಎಳೆದುಬಿಟ್ಟ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಹಿಂದಿದ್ದ ಗೋಣಿಗಳೆಲ್ಲ ಒಮ್ಮೆಲೇ ಬರೇ ಗೋಣಿಗಳಾದವು.

‘ಎಂತ ಮಾಡಿದೆ? ಇಲ್ಲಿ ಕೊಡು’ ಎಂದು ಸಾವ್ಕಾರರು ಕೈ ಚಾಚಿದರು. ಗಟ್ಟಿ ಬಣ್ಣ ಹಾಳೆಯ ಮೇಲೆ ಉಬ್ಬಿ ನಿಂತಿತ್ತು. ಅದರ ಅಂಚು ಹಿಡಿದು ತೋರುಬೆರಳು ಬಳೆಯನ್ನು ಸುತ್ತಿತು, ಮೇಲಿನ ಕಡಿತದಲ್ಲಿ ಒಂದು ಕ್ಷಣ ನಿಂತಿತು, ಒಳಗೆ ಬಂದು ಮಿಂಚಿನ ಮುರಿವುಗಳನ್ನು ಒಂದೊಂದಾಗಿ ಇಳಿಯಿತು. ಕೆಳಗೆ ಹಸಿ ಮಸಿ ಬೆರಳಿಗೆ ತಾಗಿದಾಗ ಸರಕ್ಕನೆ ಕೈ ಎತ್ತಿದರು.

‘ಗೆರೆ ಹೊರಗೆ ಹೋಗಿದೆಯಲ್ಲ ಮಾರಾಯ. ಕೈ ಜಾರಿತಾ?’

‘ಇಲ್ಲ ಮಾಮ. ಬೇಕೂಂತಲೇ.’

ಸಾವ್ಕಾರರು ಮಸಿಯಾದ ಬೆರಳನ್ನು ಹೆಬ್ಬೆರಳಿಗೆ ಉಜ್ಜುತ್ತ ಕೂತರು. ಹೊರಗೆ ಬಸ್‌ಸ್ಟ್ಯಾಂಡಿನ ಕಡೆಯಿಂದ ಮಂಗಳೂರಿನ ಬಸ್ಸಿನ ಕಂಡಕ್ಟರ್ ಜನ ಕರೆಯುವುದು ಕೇಳುತ್ತಿತ್ತು.

‘ಬೇಕೂಂತ ಮಾಡಿದ್ದಾದ್ರೆ ಸರಿ’ ಎಂದರು ಕೊನೆಗೆ. ‘ಹಸಿ ಇರುವಾಗ ಸುತ್ತಬೇಡ, ಮಸಿ ಹರಡ್ತದೆ. ಕೂತುಕೋ.’

ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಹೈದರ್ ಒಂದು ಗೋಣಿಯ ಮೇಲೆ ಕೂತು, ಮಾಮನ ಪಕ್ಕದಲ್ಲಿ, ಮಸಿ ಒಣಗುವುದನ್ನು ಕಾದ.